ತಪ್ಪೆಲ್ಲ ಮಳೆಯ ತಲೆಗೆ

ಮಳೆಗಾಲದಲ್ಲಿ ಕೊಡಗಿನ ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಉತ್ತರ ಒಂದೇ: ‘ಮಳೆ ನೋಡಿ ಸಾರ್, ಏನು ಮಾಡುವುದು?’ ಕರೆಂಟು ಹೋದರೆ ಮಳೆ, ಕಡತ ಸಿಗದಿದ್ದರೆ ಮಳೆ, ಮೊಬೈಲ್ ಸತ್ತರೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆಯಲ್ಲಿ ಮನುಷ್ಯರು ತಪ್ಪು ಮಾಡುವುದೇ ಇಲ್ಲ. ಪಾಪ ಕಳೆದುಕೊಳ್ಳಲು ತಲಕಾವೇರಿಯವರೆಗೂ ಹೋಗಬೇಕಾಗಿಲ್ಲ, ಕಿಟಕಿಯಾಚೆ ಬೆರಳು ತೋರಿಸಿದರೆ ಸಾಕು.

ಮಳೆಮೋಡಕ್ಕೆ ನಿಜವಾಗಿಯೂ ಹೆದರಬೇಕಾದವರು ಬೇರೆ ಇದ್ದಾರೆ. 2022ರ ಮೇ ತಿಂಗಳಲ್ಲಿ ನಾಸಾ ಒಂದು ಪುಟ್ಟ ಉಪಗ್ರಹವನ್ನು ಹಾರಿಸಿತು. ಅದರೊಳಗಿದ್ದ ‘ಟಿಬರ್ಡ್’ ಎಂಬ ಲೇಸರ್ ಉಪಕರಣದ ಗಾತ್ರ ಒಂದು ಟಿಶ್ಯೂ ಪೆಟ್ಟಿಗೆಯಷ್ಟು. ಐನೂರಕ್ಕೂ ಹೆಚ್ಚು ಕಿಲೋಮೀಟರ್ ಎತ್ತರದಿಂದ ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, 2023ರ ಹೊತ್ತಿಗೆ, ಸೆಕೆಂಡಿಗೆ 200 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸುರಿಯಿತು. ಉಪಗ್ರಹವು ನೆಲದ ಮೇಲಿನ ಕೇಂದ್ರದ ನೆತ್ತಿಯ ಮೇಲೆ ಹಾದುಹೋಗುವ ಐದು ನಿಮಿಷದೊಳಗೆ 4.8 ಟೆರಾಬೈಟ್ ಇಳಿಸಿದ್ದೂ ಉಂಟು. ಲೇಸರನ್ನು ಗುರಿಗೆ ಹಿಡಿಯಲು ತಿರುಗುವ ಕೈಕಾಲುಗಳಿರಲಿಲ್ಲ. ಉಪಗ್ರಹ ತನ್ನ ಮೈಯನ್ನೇ ತಿರುಗಿಸಿಕೊಳ್ಳುತ್ತಿತ್ತು. ಯಾವುದಾದರೂ ತುಣುಕು ಕೆಟ್ಟು ಬಂದರೆ ನೆಲದ ಕೇಂದ್ರ ‘ಇನ್ನೊಮ್ಮೆ ಕಳುಹಿಸು’ ಎನ್ನುತ್ತಿತ್ತು, ಅದು ಕಳುಹಿಸುತ್ತಿತ್ತು.

ಇದನ್ನು ಓದಿ ನನಗೇನೂ ಬೆರಗಾಗಲಿಲ್ಲ. ಭಾಗಮಂಡಲದಾಚೆಯ ನಮ್ಮ ನ್ಯಾಯಬೆಲೆ ಅಂಗಡಿ ನಡೆಯುವುದೂ ಹೀಗೆಯೇ. ಅಕ್ಕಿ ಇರುವುದು ಅಂಗಡಿಯಲ್ಲಿ, ಸಿಗ್ನಲ್ ಇರುವುದು ಹಿಂದಿನ ಗುಡ್ಡದಲ್ಲಿ. ಅಂಗಡಿಯವರು ಹೆಬ್ಬೆಟ್ಟಿನ ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆ ಹಿಡಿದು ಮುಂದೆ ನಡೆದರೆ ಕಾರ್ಡುದಾರರು ಜಿಗಣೆ ಕೀಳುತ್ತ ಹಿಂದೆ. ಮೇಲೆ ಒಂದು ಬಂಡೆ. ಅದರ ಮೇಲೆ ನಿಂತು, ಯಂತ್ರವನ್ನು ಎದೆಗವುಚಿಕೊಂಡು, ಅವರೂ ಮೈಯನ್ನೇ ತಿರುಗಿಸುತ್ತಾರೆ. ಒಂದು ಕಡ್ಡಿ ಬಂದ ತಕ್ಷಣ ‘ಅಜ್ಜೀ, ಬೇಗ ಒತ್ತಿ’ ಎಂಬ ಕೂಗು. ಕಾಫಿ ಕೊಯ್ದೂ ಕೊಯ್ದೂ ಗೆರೆ ಸವೆದ ಹೆಬ್ಬೆರಳು, ಮೇಲೆ ಮಳೆ ನೀರು ಬೇರೆ. ಅಜ್ಜಿ ಸೆರಗಿನಲ್ಲಿ ಒರೆಸಿ ಒತ್ತುತ್ತಾರೆ. ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ ಯಂತ್ರ. ಅಷ್ಟರಲ್ಲಿ ಕಡ್ಡಿ ಮಾಯ. ಅಜ್ಜಿಯ ಗುರುತು ಊರಿಗೆಲ್ಲ ಇದೆ, ಅಂಗಡಿಯವರನ್ನು ಎತ್ತಿ ಆಡಿಸಿದವರೇ ಅವರು. ಆದರೆ ಅದು ಸರ್ವರ್‌ಗೆ ಗೊತ್ತಿಲ್ಲವಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಲೇಸರಿಗೆ ಮೋಡ ಎಂದರೆ ಗೋಡೆ; ದಟ್ಟ ಮೋಡವನ್ನು ಆ ಬೆಳಕು ದಾಟಲಾರದು. ಹಾಗೆಂದು ಅಲ್ಲಿಯ ಎಂಜಿನಿಯರುಗಳು ‘ಮೋಡ ನೋಡಿ ಸಾರ್’ ಎಂದು ಕೈಚೆಲ್ಲಲಿಲ್ಲ. ಮೋಡ ಕಡಿಮೆಯಿರುವ ಬೆಟ್ಟ ಹುಡುಕಿ ಕ್ಯಾಲಿಫೋರ್ನಿಯಾದ ಟೇಬಲ್ ಮೌಂಟನ್‌ನಲ್ಲಿ ಆ ಬೆಳಕನ್ನು ಹಿಡಿಯುವ ದೂರದರ್ಶಕವಿಟ್ಟರು. ಒಂದು ಬೆಟ್ಟಕ್ಕೆ ಮೋಡ ಕವಿದರೆ ಇನ್ನೊಂದಿರಲಿ ಎಂದು ಬೇರೆ ಬೇರೆ ಕಡೆ ಕೇಂದ್ರಗಳನ್ನು ಇಡುವುದು ಈ ವಿದ್ಯೆಯ ಮೊದಲ ಪಾಠ. ಮೊಬೈಲಿನ ರೇಡಿಯೊ ಅಲೆಗೋ ಮೋಡ ಲೆಕ್ಕಕ್ಕೇ ಇಲ್ಲ, ಮಂಜು ಮಳೆಗಳನ್ನು ಸಲೀಸಾಗಿ ಸೀಳಿಕೊಂಡು ಬರುತ್ತದೆ. ಟವರ್ ಸಾಯುವುದು ಕರೆಂಟು ಹೋಗಿ, ಬ್ಯಾಟರಿ ಬರಿದಾಗಿ, ಜನರೇಟರಿಗೆ ಡೀಸೆಲ್ ಹಾಕುವವರಿಲ್ಲದೆ. ಆದರೂ ಮರಣ ಪ್ರಮಾಣಪತ್ರದಲ್ಲಿ ಬರೆಯುವ ಕಾರಣ ಮಾತ್ರ ಮಳೆ.

ಫೈಬರ್ ಕಥೆ ಇನ್ನೂ ಸ್ವಾರಸ್ಯ. ಟಿಬರ್ಡ್‌ನ ಒಳಗೆ ಕೂರಿಸಿದ್ದು ನೆಲದ ಫೈಬರ್ ಜಾಲಕ್ಕೆಂದು ತಯಾರಾಗಿ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಉಪಕರಣವನ್ನೇ. ಅಂದರೆ ನೆಲದ ಸಾಮಾನು ಬಾಹ್ಯಾಕಾಶದಲ್ಲಿ ಓಡುತ್ತದೆ. ನಮ್ಮ ಪಂಚಾಯಿತಿಯ ಗೋಡೆಯಲ್ಲೂ ಒಂದು ಫೈಬರ್ ಪೆಟ್ಟಿಗೆ ಇದೆ, ನೆಲದಲ್ಲೇ ಇದ್ದೂ ಓಡುವುದಿಲ್ಲ. ಅದರ ಹಸಿರು ದೀಪ ಉರಿದದ್ದು ಉದ್ಘಾಟನೆಯ ದಿನ, ಫೋಟೊಕ್ಕಾಗಿ. ಆಮೇಲೆ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕೇಬಲನ್ನು ಬೇರುಸಹಿತ ಕಿತ್ತಿತು. ಕಿತ್ತದ್ದು ಬೇಸಿಗೆಯಲ್ಲಿ. ವಿಚಾರಿಸಿದರೆ, ‘ಮಳೆ ಬಿಡಲಿ, ನೋಡೋಣ’ ಎಂದರು.

ಆದ್ದರಿಂದ ನನ್ನದೊಂದು ಸಲಹೆ: ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ಒಂದು ಲೇಸರ್ ಕೇಂದ್ರ ಆಗಲಿ. ವರ್ಷದಲ್ಲಿ ನಾಲ್ಕು ತಿಂಗಳು ಅದು ಖಂಡಿತ ಕೆಲಸ ಮಾಡುವುದಿಲ್ಲ. ಆಗಲಾದರೂ ‘ಮಳೆ ಕಾರಣ’ ಎಂಬ ಉತ್ತರ ಜಿಲ್ಲೆಯಲ್ಲಿ ಮೊದಲ ಬಾರಿಗೆ ನಿಜವಾಗುತ್ತದೆ, ಸಿಬ್ಬಂದಿಯ ಮನಸ್ಸಾಕ್ಷಿಗೂ ಹಗುರ. ಶಂಕುಸ್ಥಾಪನೆಗೆ ಬರುವವರು ಜನವರಿಯಲ್ಲಿ ಬಂದರೆ ಆಕಾಶ ನೀಲಿಯಾಗಿರುತ್ತದೆ, ಭಾಷಣಕ್ಕೂ ಅನುಕೂಲ.

ಅಲ್ಲಿಯವರೆಗೆ ಟವರಿಗೆ ಒಂದು ಕ್ಯಾನ್ ಡೀಸೆಲ್ ಹಾಕಿಸಿ ಎಂದು ದೂರು ಕೊಡಲು ಹೋದೆ. ಕಾಗದದ ಅರ್ಜಿ ತೆಗೆದುಕೊಳ್ಳುವುದಿಲ್ಲವಂತೆ, ಆನ್‌ಲೈನ್‌ನಲ್ಲೇ ಆಗಬೇಕಂತೆ. ಮಡಿಕೇರಿಯಲ್ಲಿ ಓದುವ ಅಣ್ಣನ ಮಗನ ಕೈಯಲ್ಲಿ ನನ್ನ ಹೆಸರಿನಲ್ಲಿ ತುಂಬಿಸಿದೆ. ಎಲ್ಲವೂ ಸರಿಯಾಯಿತು. ದೃಢೀಕರಣಕ್ಕಾಗಿ ಒಟಿಪಿಯನ್ನು ನನ್ನ ಮೊಬೈಲಿಗೆ ಕಳುಹಿಸಿದ್ದಾರಂತೆ.