ತಜ್ಞರು ಬಂದಿದ್ದರು, ಫೋಟೋ ಇದೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 8 ಮೆಡಿಕಲ್ ಕಾಲೇಜುಗಳಿವೆ. ಪಕ್ಕದ ಮಣಿಪಾಲದಲ್ಲಿ 1953ರಿಂದಲೇ ಒಂದಿದೆ. ಮಂಗಳೂರಿನಲ್ಲಿ ಮೊಣಕಾಲಿಗೊಬ್ಬರು, ಭುಜಕ್ಕೊಬ್ಬರು ತಜ್ಞರು ಸಿಗುತ್ತಾರೆ. ಘಟ್ಟದ ಬುಡಕ್ಕೆ ಹೋದರೆ ಇಡೀ ದೇಹಕ್ಕೆ ಒಬ್ಬರೇ ಎಂಬಿಬಿಎಸ್. ಅವರೂ ಇವತ್ತು ಮೀಟಿಂಗಿಗೆ ಹೋಗಿದ್ದಾರೆ.

ಇದಕ್ಕೆ ನಮ್ಮೂರಿನವರು ಕಂಡುಕೊಂಡ ಮದ್ದು ಉಚಿತ ಶಿಬಿರ. ಫ್ಲೆಕ್ಸಿನಲ್ಲಿ ಸಮಿತಿಯವರ ಮುಖ ದೊಡ್ಡದು, ಡಾಕ್ಟ್ರ ಹೆಸರು ಸಣ್ಣದು. ಒಂಬತ್ತಕ್ಕೆ ಶುರು ಅಂತ ಇರುತ್ತದೆ. ಶುಗರ್ ಟೆಸ್ಟ್ ಉಂಟಲ್ಲ ಅಂತ ಅಜ್ಜಿಯಂದಿರು ಚಾ ಕೂಡ ಕುಡಿಯದೆ ಎಂಟೂವರೆಗೇ ಬಂದು ಕೂತಿರುತ್ತಾರೆ. ಉದ್ಘಾಟಕರು ಬರುವುದು ಹತ್ತೂವರೆಗೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ. ಫ್ಯಾನ್ ಗಾಳಿಗೆ ದೀಪ ಹತ್ತುವುದಿಲ್ಲ. ಫ್ಯಾನ್ ನಿಲ್ಲಿಸಿದರೆ ಅಜ್ಜಿಯಂದಿರಿಗೆ ತಲೆ ತಿರುಗುತ್ತದೆ. ದೀಪವೇ ಗೆಲ್ಲುತ್ತದೆ ಬಿಡಿ. ಆಮೇಲೆ ಹೃದ್ರೋಗ ತಜ್ಞರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಅಧ್ಯಕ್ಷರು ಆರೋಗ್ಯವೇ ಭಾಗ್ಯ ಅಂತ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಧನ್ಯವಾದ ಮುಗಿಯುವಾಗ ಹನ್ನೆರಡು. ಒಂದಕ್ಕೆ ಊಟ, ಎರಡಕ್ಕೆ ವಾಪಸ್ ವ್ಯಾನು.

"ಎಂತ ಆಗ್ತದೆ ಅಮ್ಮಾ?"

"ಎದೆ ಹಿಡಿದ ಹಾಗೆ ಆಗ್ತದೆ ಡಾಕ್ಟ್ರೇ."

ಸ್ಟೆತ್ ಇಟ್ಟರು, ತೆಗೆದರು. "ಒಂದು ಎಕೋ ಮಾಡಿಸ್ಬೇಕು. ನಮ್ಮಲ್ಲಿಗೆ ಬನ್ನಿ."

ಎಕೋ ಅಂದರೆ ಹೃದಯದ ಸ್ಕ್ಯಾನಿಂಗ್, ನಮ್ಮಲ್ಲಿಗೆ ಅಂದರೆ ಮಂಗಳೂರಿಗೆ. ಈ ಚೀಟಿ ತಂದರೆ ರಿಯಾಯಿತಿ ಉಂಟಂತೆ. ಬಸ್ಸಿನಲ್ಲಿ ಪಟ್ಟಣಕ್ಕೆ ಬಾ ಅನ್ನಲಿಕ್ಕೆ ಡಾಕ್ಟ್ರು ವ್ಯಾನಿನಲ್ಲಿ ಹಳ್ಳಿಗೆ ಬಂದ ಹಾಗಾಯಿತು, ಅಲ್ವಾ? ಪಾಪ, ಅವರನ್ನು ಬೈದು ಪ್ರಯೋಜನ ಇಲ್ಲ. ರಜೆಯ ದಿನ ಬಿಟ್ಟು ಬಂದವರು. ಎಕೋ ಮೆಷಿನನ್ನು ಜೇಬಲ್ಲಿ ಹಾಕಿಕೊಂಡು ಬರಲಿಕ್ಕೆ ಆಗ್ತದಾ?

ಅಲ್ಲೇ ಹತ್ತಿರದಲ್ಲಿ ಸಮುದಾಯ ಆರೋಗ್ಯ ಕೇಂದ್ರ ಉಂಟು. ನಿಯಮದ ಪ್ರಕಾರ 30 ಹಾಸಿಗೆ, ಜೊತೆಗೆ ಫಿಸಿಷಿಯನ್, ಸರ್ಜನ್, ಹೆರಿಗೆ ಡಾಕ್ಟ್ರು, ಮಕ್ಕಳ ಡಾಕ್ಟ್ರು, ಅರಿವಳಿಕೆ ತಜ್ಞರು. ಕಾಗದದಲ್ಲಿ ಎಲ್ಲರೂ ಸೌಖ್ಯ. ಸರ್ಜನ್ ಸಿಕ್ಕಿದ ವರ್ಷ ಅರಿವಳಿಕೆಯವರು ಇರುವುದಿಲ್ಲ. ಅರಿವಳಿಕೆಯವರು ಬರುವಾಗ ಸರ್ಜನ್‌ಗೆ ವರ್ಗ. ಕಾಲೇಜುಗಳಿಂದ ವಾರಕ್ಕೊಬ್ಬ ತಜ್ಞರು ಗೊತ್ತಾದ ದಿನ ಅಲ್ಲಿಗೇ ಬಂದು ಕೂತರೆ, ಹೋದ ಸಲ ನೋಡಿದ ಅಜ್ಜಿಯನ್ನೇ ಮತ್ತೆ ನೋಡಬಹುದು. ಬಿಪಿ ಮಾತ್ರೆ ಹೆಚ್ಚು ಮಾಡಬೇಕಾ, ಕಮ್ಮಿ ಮಾಡಬೇಕಾ ಅಂತ ಗೊತ್ತಾಗುವುದು ಎರಡನೇ ಸಲ ನೋಡಿದಾಗಲೇ ತಾನೇ?

ಆದರೆ ಅದರಲ್ಲಿ ಒಂದು ದೊಡ್ಡ ತೊಂದರೆ ಉಂಟು. ಉದ್ಘಾಟನೆ ಒಂದೇ ಸಲ ಮಾಡಬಹುದು. ಪ್ರತಿ ಮಂಗಳವಾರ ಶಾಲು ಹೊದೆಸಲಿಕ್ಕೆ ಯಾರಿಗೆ ಪುರುಸೊತ್ತು?