ತೀರ್ಪಿಗೆ ಮೊದಲೇ ಮುಗಿಯುವ ಶಿಕ್ಷೆ

ಯಾವುದಾದರೊಂದು ಘೋರ ಅಪರಾಧ ಸುದ್ದಿಯಾದಾಗಲೆಲ್ಲ ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ರಾಗ: ಭಾರತದಲ್ಲಿ ಶಿಕ್ಷೆ ತೀರಾ ಸಡಿಲ, ಅಮೆರಿಕದವರ ಹಾಗೆ ಐವತ್ತು ನೂರು ವರ್ಷ ಒಳಗೆ ಹಾಕಬೇಕು. ಫಿಲಡೆಲ್ಫಿಯಾದಲ್ಲಿ ನೆಲೆಸಿರುವ ನನಗೆ ಈ ಮಾತಿನ ಎರಡು ತುದಿಗಳೂ ತಪ್ಪಾಗಿ ಕಾಣುತ್ತವೆ. ಅಮೆರಿಕದ ಕಠೋರತೆ ಹೊಗಳುವಂಥದ್ದಲ್ಲ. ಭಾರತದಲ್ಲಂತೂ ಶಿಕ್ಷೆ ಧಾರಾಳವಾಗಿಯೇ ಇದೆ, ಆದರೆ ಅದು ತೀರ್ಪಿಗೆ ಮೊದಲೇ ಶುರುವಾಗಿ ಎಷ್ಟೋ ಸಲ ತೀರ್ಪಿಗೆ ಮೊದಲೇ ಮುಗಿದೂ ಹೋಗುತ್ತದೆ.

ಸೆರೆಮನೆಯೇ ಶಿಕ್ಷೆ ಎಂಬುದು ಈಚಿನ ಕಲ್ಪನೆ. ಸೆರೆಮನೆ ಇರುವುದು ಜನರನ್ನು ಹಿಡಿದಿಡುವುದಕ್ಕೆ, ದಂಡಿಸುವುದಕ್ಕಲ್ಲ ಎಂದು ಮೂರನೆಯ ಶತಮಾನದ ರೋಮನ್ ನ್ಯಾಯವೇತ್ತ ಉಲ್ಪಿಯನ್ ಬರೆದಿಟ್ಟಿದ್ದ. ಯುರೋಪಿನಲ್ಲಿ ಹದಿನೆಂಟನೆಯ ಶತಮಾನದವರೆಗೂ ಶಿಕ್ಷೆ ಎಂದರೆ ಹೆಚ್ಚಾಗಿ ಛಡಿಯೇಟು, ದಂಡ, ಗಡೀಪಾರು, ನೇಣು. ಆರೋಪಿ ಓಡಿಹೋಗದಿರಲಿ, ಸಾಲಗಾರ ತಲೆಮರೆಸಿಕೊಳ್ಳದಿರಲಿ ಎಂದು ಬಂದೀಖಾನೆ. ಕೌಟಿಲ್ಯನಲ್ಲಿಯೂ ಬಂಧನಾಗಾರವಿದೆ, ಆದರೆ ಅವನ ದಂಡನೆಯ ಪಟ್ಟಿಯ ತುಂಬ ಪಣ ಎಂಬ ನಾಣ್ಯಗಳ ಲೆಕ್ಕವೇ. ಅಂಗಚ್ಛೇದದ ಶಿಕ್ಷೆಗೂ ಬದಲಾಗಿ ದಂಡ ಕಟ್ಟುವ ದಾರಿಯನ್ನು ಅವನು ತೋರಿಸುತ್ತಾನೆ. ರಾಜನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಯಂದು ಎಳೆಯರು, ಮುದುಕರು, ರೋಗಿಗಳು, ದಿಕ್ಕಿಲ್ಲದವರನ್ನು ಬಿಟ್ಟುಬಿಡಬೇಕು ಎನ್ನುತ್ತಾನೆ. ಸ್ವಾತಂತ್ರ್ಯ ದಿನಾಚರಣೆಗೆ ಸನ್ನಡತೆಯ ಕೈದಿಗಳನ್ನು ಬಿಡುವ ನಮ್ಮ ಸರ್ಕಾರಗಳು ಈ ಹಳೆಯ ಪದ್ಧತಿಯನ್ನು ತಿಳಿದೋ ತಿಳಿಯದೆಯೋ ಮುಂದುವರಿಸಿವೆ.

ಅಪರಾಧಿಯ ಮೈಯನ್ನು ಬಿಟ್ಟು ಅವನ ಕಾಲವನ್ನು ಕಿತ್ತುಕೊಳ್ಳುವ ಯೋಚನೆ ಭಾರೀ ಕಟ್ಟಡವಾಗಿ ಎದ್ದು ನಿಂತದ್ದು ನಾನಿರುವ ಈ ನಗರದಲ್ಲಿ. 1829ರಲ್ಲಿ ಇಲ್ಲಿ ಈಸ್ಟರ್ನ್ ಸ್ಟೇಟ್ ಸೆರೆಮನೆ ತೆರೆಯಿತು. ಅದರ ಹಿಂದಿದ್ದವರು ಕ್ರೂರಿಗಳೇನಲ್ಲ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಪ್ರಭಾವವಿದ್ದ ಸುಧಾರಕರು. ಚಾವಟಿಯಿಂದ ಮನುಷ್ಯ ಬದಲಾಗುವುದಿಲ್ಲ, ಏಕಾಂತದಲ್ಲಿ ಕೂಡಿಸಿದರೆ ತನ್ನ ಪಾಪವನ್ನು ತಾನೇ ನೆನೆದು ಪಶ್ಚಾತ್ತಾಪ ಪಡುತ್ತಾನೆ ಎಂಬುದು ಅವರ ನಂಬಿಕೆ. ಮೊದಲ ಕೈದಿ ಕಳವು ಮಾಡಿ ಸಿಕ್ಕಿಬಿದ್ದವನು, ಶಿಕ್ಷೆ ಎರಡು ವರ್ಷ. ಒಳಗೆ ಹೋಗಿ ನೋಡಿದರೆ ಇವತ್ತಿಗೂ ಆ ತರ್ಕ ಕಣ್ಣಿಗೆ ಕಟ್ಟುತ್ತದೆ: ಕಮಾನು ಚಾವಣಿಯ ಕೋಣೆ, ನೆತ್ತಿಯ ಮೇಲೆ ಬೆಳಕಿಗೊಂದು ಕಿಂಡಿ, ಹಿಂದುಗಡೆ ಒಬ್ಬನೇ ಅಡ್ಡಾಡಲು ಗೋಡೆ ಸುತ್ತಿದ ಪುಟ್ಟ ಅಂಗಳ. ಒಬ್ಬರ ಮುಖ ಇನ್ನೊಬ್ಬರು ಕಾಣಬಾರದೆಂದು ಕೈದಿಯನ್ನು ಹೊರಗೆ ಕರೆದೊಯ್ಯುವಾಗ ತಲೆಗೆ ಮುಸುಕು ಹಾಕುತ್ತಿದ್ದರು. 1842ರಲ್ಲಿ ಇಲ್ಲಿಗೆ ಬಂದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ದೇಹಕ್ಕೆ ಕೊಡುವ ಯಾವ ಹಿಂಸೆಗಿಂತಲೂ ಇದು ಕೆಟ್ಟದ್ದು ಎಂದು ಬರೆದ. ಸಜ್ಜನರ ಕೈಯಲ್ಲಿ ಹುಟ್ಟಿದ ಕ್ರೌರ್ಯವನ್ನು ಗುರುತಿಸುವುದು ಕಷ್ಟ, ಅವನಿಗೆ ಅದು ಸಾಧ್ಯವಾಯಿತು.

ನಡುವಿನಿಂದ ಏಳು ರೆಕ್ಕೆಗಳು ಚಾಚಿಕೊಂಡ ಈ ಕಟ್ಟಡದ ನಕ್ಷೆ ಹಡಗು ಹತ್ತಿತು. ಇದರ ಪ್ರಭಾವದಲ್ಲಿ ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆ 1842ರಲ್ಲಿ ತೆರೆಯಿತು. 1896ರಿಂದ 1906ರ ನಡುವೆ ಪೋರ್ಟ್ ಬ್ಲೇರಿನಲ್ಲಿ ಕಟ್ಟಿದ ಸೆಲ್ಯುಲರ್ ಜೈಲಿಗೂ ಏಳೇ ರೆಕ್ಕೆ, ನಡುವೆ ಕಾವಲು ಗೋಪುರ. ಗೋಡೆಗಳು ಭಾರತಕ್ಕೆ ಬಂದವು, ಅವುಗಳ ಹಿಂದಿದ್ದ ಭರವಸೆ ಬರಲಿಲ್ಲ. ಮೆಕಾಲೆ ಸದಸ್ಯನಾಗಿದ್ದ ಜೈಲು ಸಮಿತಿ 1838ರಲ್ಲೇ ಕೈದಿಗೆ ಬೇಸರ ಹುಟ್ಟಿಸುವ, ಏಕತಾನದ ದುಡಿಮೆ ಕೊಡಬೇಕೆಂದು ಹೇಳಿಯಾಗಿತ್ತು. ಕೈದಿಗಳು ಎಳೆಯಬೇಕಿದ್ದ ಅಂಡಮಾನಿನ ಎಣ್ಣೆ ಗಾಣ ಅದರ ನೇರ ಸಂತಾನ. 1894ರ ಕಾರಾಗೃಹ ಕಾಯ್ದೆಯ ಜೊತೆ ನಾವು ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಬಾಳಿದ್ದೇವೆ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ಕೈಪಿಡಿಗಳ ನಿಯಮಗಳು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರಿನಲ್ಲಿ!

ಶಿಕ್ಷೆಯ ಸಮರ್ಥನೆಗೆ ತತ್ತ್ವಶಾಸ್ತ್ರ ಕೊಡುವ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ: ಮಾಡಿದ್ದಕ್ಕೆ ತಕ್ಕ ಶಾಸ್ತಿ, ಉಳಿದವರಿಗೆ ಅಂಜಿಕೆ, ಅಪರಾಧಿಯ ಸುಧಾರಣೆ. ಇವುಗಳಲ್ಲಿ ಯಾವುದು ಮೇಲು ಎಂದು ವಾದಿಸುತ್ತಾ ಕೂರಬಹುದು. ಆದರೆ ಮೂರಕ್ಕೂ ಮೊದಲು ಒಬ್ಬ ಅಪರಾಧಿ ಬೇಕು. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಎಂದರೆ ನೂರಕ್ಕೆ 75ಕ್ಕಿಂತ ಹೆಚ್ಚು. ಕಾನೂನಿನ ಕಣ್ಣಿನಲ್ಲಿ ಇವರೆಲ್ಲ ಇನ್ನೂ ನಿರಪರಾಧಿಗಳು. ಯಾವುದಕ್ಕೆ ಶಾಸ್ತಿ, ಯಾವುದರಿಂದ ಸುಧಾರಣೆ? ಉಲ್ಪಿಯನ್ ಹೇಳಿದ ಹಿಡಿದಿಡುವ ಮನೆಗೇ ನಾವು ಮರಳಿದ್ದೇವೆ, ಆದರೆ ದಂಡಿಸುವುದಕ್ಕೆಂದು ಕಟ್ಟಿದ ಗೋಡೆಗಳೊಳಗೆ.

ಅಮೆರಿಕ ಈ ರೋಗಕ್ಕೆ ಮದ್ದು ಕಂಡುಕೊಂಡಿದೆ ಎಂದುಕೊಂಡರೆ 1978ರ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕೆಂಟಕಿ ರಾಜ್ಯದ ಹೇಯ್ಸ್ ಎಂಬಾತನ ಮೇಲಿದ್ದ ಆರೋಪ 88 ಡಾಲರ್ 30 ಸೆಂಟ್‌ನ ಖೋಟಾ ಚೆಕ್. ತಪ್ಪೊಪ್ಪಿಕೊಂಡರೆ ಐದು ವರ್ಷ, ಇಲ್ಲವಾದರೆ ಹಳೆಯ ಅಪರಾಧಗಳನ್ನು ಸೇರಿಸಿ ರೂಢಿಗತ ಅಪರಾಧಿಯ ಆರೋಪ ಹೊರಿಸುತ್ತೇನೆ ಎಂದ ಸರ್ಕಾರಿ ವಕೀಲ. ಹೇಯ್ಸ್ ವಿಚಾರಣೆ ಬೇಕೆಂದ, ಸೋತ, ಜೀವಾವಧಿ ಶಿಕ್ಷೆಯಾಯಿತು. ಈ ಚೌಕಾಸಿಯಲ್ಲಿ ತಪ್ಪಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು. ಇಲ್ಲಿ ಆಗುವ ಶಿಕ್ಷೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂಥ ಒಪ್ಪಂದಗಳಿಂದಲೇ ಹುಟ್ಟುತ್ತವೆ. ಸಿನಿಮಾದಲ್ಲಿ ಕಾಣುವ ಜ್ಯೂರಿ ವಿಚಾರಣೆ ಬಹಳ ಮಟ್ಟಿಗೆ ಸಿನಿಮಾದಲ್ಲೇ ಇದೆ.

ಅದೇ ವರ್ಷ ಭಾರತದ ಸುಪ್ರೀಂ ಕೋರ್ಟಿನ ಮುಂದೆ ಮೋತಿರಾಮ್ ಪ್ರಕರಣ ಬಂತು. ಮಧ್ಯಪ್ರದೇಶದ ಗಾರೆ ಕೆಲಸದವ. ಜಾಮೀನು ಕೊಡಿ ಎಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಸಿಡಿದೆದ್ದು, ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಮೋತಿರಾಮನನ್ನು ಬಿಡಿಸಿದರು. ತಾಯ್ನಾಡಿನಿಂದ ದೂರವಿರುವ ಯಾರೇ ಆಗಲಿ ಈ ತೀರ್ಪನ್ನು ಒಮ್ಮೆ ಓದಬೇಕು. ದುಡ್ಡಿದ್ದ ನಮ್ಮಂಥವರಿಗೆ ವಕೀಲರು ಸಿಗುತ್ತಾರೆ, ಕಟ್ಟಡ ಕೆಲಸಕ್ಕೆ ಗುಳೆ ಹೋದವನಿಗೆ ಪರವೂರಿನಲ್ಲಿ ಪಹಣಿ ಹಿಡಿದು ಬರುವವರು ಯಾರು?

ಹಾಗಾಗಿ ನನ್ನ ಲೆಕ್ಕದಲ್ಲಿ ಅಮೆರಿಕ ತೀರ್ಪಿನ ಭಯ ತೋರಿಸಿ ವಿಚಾರಣೆಯನ್ನು ತಪ್ಪಿಸುತ್ತದೆ, ಭಾರತ ವಿಚಾರಣೆಯ ಹೆಸರಿನಲ್ಲಿ ತೀರ್ಪನ್ನು ತಪ್ಪಿಸುತ್ತದೆ. ಮೊದಲನೆಯದು ಇನ್ನೂ ಅಪಾಯಕಾರಿ ಎಂದೇ ನನಗನಿಸುತ್ತದೆ, ಏಕೆಂದರೆ ಅದು ಸಲೀಸಾಗಿ ಓಡುವ ಯಂತ್ರ. ಇಲ್ಲಿ ಲಕ್ಷ ಜನರಿಗೆ 500ಕ್ಕೂ ಹೆಚ್ಚು ಮಂದಿ ಒಳಗಿದ್ದಾರೆ, ಭಾರತದಲ್ಲಿ 40ರ ಆಸುಪಾಸು. 1971ರಲ್ಲಿ ಬಾಗಿಲು ಹಾಕಿ ಈಗ ವಸ್ತುಸಂಗ್ರಹಾಲಯವಾಗಿರುವ ಈಸ್ಟರ್ನ್ ಸ್ಟೇಟ್‌ನ ಅಂಗಳದಲ್ಲಿ ಅಮೆರಿಕದ ಕೈದಿಗಳ ಪ್ರಮಾಣದ ಏರಿಕೆಯನ್ನು ತೋರಿಸಲೆಂದೇ 16 ಅಡಿ ಎತ್ತರದ ಉಕ್ಕಿನ ರೇಖಾಚಿತ್ರ ನಿಲ್ಲಿಸಿದ್ದಾರೆ. ಜೊತೆಗಾರರಿಗೆ ತೋರಿಸಲು ನನಗೆ ಈ ನಗರದ ಹೆಸರಾಂತ ಗಂಟೆ ಲಿಬರ್ಟಿ ಬೆಲ್‌ಗಿಂತ ಅದೇ ಇಷ್ಟ.

ಇಲ್ಲಿಂದ ಎರವಲು ಪಡೆಯಬಹುದಾದದ್ದೂ ಒಂದಿದೆ. ಪೆನ್ಸಿಲ್ವೇನಿಯಾದ ನಿಯಮದಂತೆ, ಕೆಲವು ಹೊರತುಗಳನ್ನು ಬಿಟ್ಟರೆ, ವಿಚಾರಣೆ ಇಲ್ಲದೆ 180 ದಿನ ಒಳಗಿದ್ದವನು ನಾಮಮಾತ್ರದ ಜಾಮೀನು ಕೇಳಬಹುದು. ನಮ್ಮ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ದಿನಗಳನ್ನು ಎಣಿಸುವುದಿಲ್ಲ, ಗರಿಷ್ಠ ಶಿಕ್ಷೆಯ ಅರ್ಧ ಭಾಗ ಕಳೆದಿರಬೇಕು ಎನ್ನುತ್ತದೆ. ಮೊದಲ ಬಾರಿಯ ಆರೋಪಿಗೆ ಮೂರನೆಯ ಒಂದು ಭಾಗ. ಹತ್ತು ವರ್ಷದ ಅಪರಾಧವಾದರೆ ಆ ಮೊದಲ ಬಾರಿಯವನೂ ಮೂರು ವರ್ಷ ನಾಲ್ಕು ತಿಂಗಳು ಕಾಯಬೇಕು. ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಅದೂ ಇಲ್ಲ. ಆದರೂ ಇದರಲ್ಲಿ ಒಂದು ಒಳ್ಳೆಯ ಅಂಶವಿದೆ: ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಬರೆಯುವ ಹೊಣೆ ಜೈಲು ಅಧೀಕ್ಷಕರದ್ದೇ. ಬಡ ವಿಚಾರಣಾಧೀನರ ಜಾಮೀನಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಜೈಲು ರಾಜ್ಯಪಟ್ಟಿಯ ವಿಷಯ. ಗಲ್ಲಿಗೇರಿಸಿ ಎಂದು ಬರೆಯುವ ಗೆಳೆಯರು ತಮ್ಮ ಶಾಸಕರಿಗೊಂದು ಪತ್ರ ಹಾಕಿ, ಕಳೆದ ವರ್ಷ ಯಾವ ಅಧೀಕ್ಷಕರು ಎಷ್ಟು ಅರ್ಜಿ ಕಳಿಸಿದರು, ಅವುಗಳಲ್ಲಿ ಎಷ್ಟು ಶ್ಯೂರಿಟಿ ಸಿಗದೆ ಕೊಳೆಯುತ್ತಿವೆ ಎಂದು ಕೇಳಲಿ.