ಲಿಫ್ಟ್ ಬಂತು, ದಮ್ಮು ಹೋಯಿತು

ಮುಂಬಯಿ ಮತ್ತು ಆಸುಪಾಸಿನ ಮಾಟುಂಗಾ, ಮುಲುಂಡ್, ಡೊಂಬಿವಲಿ, ಯಾವ ಕಡೆ ನೋಡಿದರೂ ಮೂರು ನಾಲ್ಕು ಮಹಡಿಯ ಹಳೆಯ ಬಿಲ್ಡಿಂಗುಗಳು ನೆಲಸಮವಾಗಿ ಟವರುಗಳು ಏಳುತ್ತಿವೆ. ರೀಡೆವಲಪ್‌ಮೆಂಟಿನಲ್ಲಿ ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚಿತು, ಬಿಲ್ಡರ್ ಕೊಡುವ ಗಂಟು, ಅಂದರೆ ಕಾರ್ಪಸ್ ಫಂಡ್, ಎಷ್ಟು ಬಂತು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಕಳೆದುಕೊಂಡದ್ದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಮಹಡಿಗೆ 17 ಮೆಟ್ಟಿಲು ಎಂದುಕೊಂಡರೆ, ಮೂರನೇ ಮಹಡಿಯ ಮನೆಗೆ ದಿನಕ್ಕೆ ಮೂರು ಸಲ ಹತ್ತುತ್ತಿದ್ದವರು ಸುಮಾರು 150 ಮೆಟ್ಟಿಲು ಏರುತ್ತಿದ್ದರು. ಹಾಲಿಗೆ, ತರಕಾರಿಗೆ, ಕೆಲಸಕ್ಕೆ ಎಂದು ತಾನಾಗಿ ಆಗುತ್ತಿದ್ದ ಕಸರತ್ತು ಅದು. ಹೊಸ ಮನೆಯ ಕೀಲಿ ಕೈಗೆ ಬಂದ ದಿನ, ಲಿಫ್ಟಿನಿಂದಾಗಿ ಅದು ಸೊನ್ನೆಗೆ ಇಳಿಯಿತು.

ಆ 150 ಸಣ್ಣ ಸಂಖ್ಯೆಯಲ್ಲ. ಬ್ರಿಟನ್ನಿನ ನಾಲ್ಕೂವರೆ ಲಕ್ಷ ಜನರ ಮಾಹಿತಿಯಿಂದ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 50ಕ್ಕಿಂತ ಹೆಚ್ಚು ಮೆಟ್ಟಿಲು ಹತ್ತುವವರಿಗೆ ರಕ್ತನಾಳ ಕಟ್ಟಿ ಬರುವ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 20 ಕಡಿಮೆ ಕಂಡಿತು. ಅದಕ್ಕೂ ಎಷ್ಟೋ ಮೊದಲು, 1953ರಲ್ಲಿ ಡಾ. ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳನ್ನು ಗಮನಿಸಿ, ಕೂತೇ ಇರುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು ತೋರಿಸಿದ್ದರು. ನಮ್ಮ ಮುಂಬಯಿಯ ಬೆಸ್ಟ್ ಸಾರಿಗೆಯ ಡಬಲ್ ಡೆಕ್ಕರ್ ಕಂಡಕ್ಟರುಗಳು ಮಾಡಿದ್ದೂ ಇದೇ ಕೆಲಸ. ಆದರೆ ಲಂಡನ್ನಿನ ಆ ಡ್ರೈವರುಗಳ ಯೂನಿಫಾರ್ಮಿನ ಸೊಂಟದಳತೆಯೇ ದೊಡ್ಡದು ಎಂದು ಮುಂದೆ ಮಾರಿಸ್ ಅವರೇ ಕಂಡುಕೊಂಡರು. ಗಟ್ಟಿಮುಟ್ಟಾದವರೇ ಮೆಟ್ಟಿಲು ಹತ್ತುತ್ತಾರೋ, ಹತ್ತಿದ್ದರಿಂದ ಗಟ್ಟಿಯಾಗುತ್ತಾರೋ ಎಂಬ ಪ್ರಶ್ನೆ ಇಂಥ ಅಧ್ಯಯನಗಳಲ್ಲಿ ಉಳಿದೇ ಉಳಿಯುತ್ತದೆ. ಅದಕ್ಕೇ 2019ರ ಕೆನಡಾದ ಪ್ರಯೋಗಕ್ಕೆ ಹೆಚ್ಚು ಬೆಲೆ. ವ್ಯಾಯಾಮದ ರೂಢಿಯಿಲ್ಲದ ಯುವಜನರಿಂದ 60 ಮೆಟ್ಟಿಲನ್ನು ಬಿರುಸಾಗಿ, ದಿನಕ್ಕೆ ಮೂರು ಸಲ, ನಡುವೆ ಒಂದರಿಂದ ನಾಲ್ಕು ಗಂಟೆ ಬಿಟ್ಟು, ವಾರಕ್ಕೆ ಮೂರು ದಿನ ಹತ್ತಿಸಿದರು. ಆರು ವಾರದಲ್ಲಿ ದೇಹ ಆಮ್ಲಜನಕ ಬಳಸುವ ಶಕ್ತಿ ಸುಮಾರು ಶೇ. 5 ಏರಿತು. ಪ್ರಯೋಗ ಚಿಕ್ಕದು, ಆದರೂ ದಾರಿ ಸ್ಪಷ್ಟ.

ತೂಕ ಇಳಿಸಲು ಮೆಟ್ಟಿಲು ಹತ್ತುವವರಿಗೆ ಒಂದು ಮಾತು ಹೇಳಲೇಬೇಕು. 65 ಕೆ.ಜಿ.ಯವರು ಒಂದು ಮಹಡಿ ಹತ್ತಿದರೆ ಖರ್ಚಾಗುವುದು ಎರಡು ಎರಡೂವರೆ ಕ್ಯಾಲೊರಿ. ಒಂದು ವಡಾಪಾವ್ ಕರಗಿಸಲು ನೂರು ಮಹಡಿಯೂ ಸಾಲದು. ಈ ಆಸೆಯಿಂದ ಶುರು ಮಾಡಿದವರು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ. ಮೆಟ್ಟಿಲಿನ ಲಾಭ ಇರುವುದು ದಮ್ಮಿನಲ್ಲಿ. ಸಮತಟ್ಟಿನಲ್ಲಿ ನಡೆಯುವಾಗ ಸುಮ್ಮನೆ ಕೂತಿದ್ದಾಗಿನ ಮೂರು ಪಟ್ಟು ಶಕ್ತಿ ಬೇಕಾದರೆ, ಚುರುಕಾಗಿ ಮೆಟ್ಟಿಲು ಏರುವಾಗ ಸುಮಾರು ಎಂಟು ಪಟ್ಟು ಬೇಕು. ಹೃದಯಕ್ಕೆ ಒಂದೇ ನಿಮಿಷದಲ್ಲಿ ಅಷ್ಟು ಕೆಲಸ ಕೊಡುವ ಜಾಗ ಮನೆಬಾಗಿಲಲ್ಲೇ ಇದೆ, ದುಡ್ಡಿಲ್ಲದೆ, ಮಳೆಗಾಲದಲ್ಲೂ.

ಹದಿನೆಂಟನೇ ಮಹಡಿಯವರು ಹದಿನೆಂಟನ್ನೂ ಹತ್ತಬೇಕಿಲ್ಲ. ಮನೆಗಿಂತ ಎರಡು ಮಹಡಿ ಕೆಳಗೆ ಲಿಫ್ಟಿನಿಂದ ಇಳಿದು ಉಳಿದದ್ದನ್ನು ಹತ್ತಿ, ದಿನಕ್ಕೆ ಎರಡು ಸಲ. ಹತ್ತು ಹದಿನೈದು ದಿನ ಸಲೀಸಾದ ಮೇಲೆ ಒಂದು ಮಹಡಿ ಸೇರಿಸಿ. ಮೇಲೆ ತಲುಪಿದಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಹದ. ಒಂದೆರಡು ನಿಮಿಷದಲ್ಲಿ ಉಸಿರು ತಹಬಂದಿಗೆ ಬರಬೇಕು. ಸಕ್ಕರೆ ಕಾಯಿಲೆಯವರು ಊಟವಾಗಿ ಒಂದು ಗಂಟೆಯ ನಂತರ ಎರಡು ಮೂರು ನಿಮಿಷ ನಿಧಾನವಾಗಿ ಹತ್ತಿಳಿದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಮೊಣಗಂಟು ನೋಯುತ್ತದೆ ಎಂದು ಹೆದರುವವರು ಬಹಳ. ಹತ್ತುವಾಗ ಮೊಣಗಂಟಿನ ಮೇಲೆ ಬೀಳುವ ಭಾರ ಮೈತೂಕದ ಮೂರು ಪಟ್ಟು. ಇಳಿಯುವಾಗ ಇನ್ನೂ ತುಸು ಹೆಚ್ಚು. ಆದ್ದರಿಂದ ನೋವಿದ್ದವರು ಹತ್ತಿ ಹೋಗಿ, ಇಳಿಯುವುದಕ್ಕೆ ಲಿಫ್ಟ್ ಬಳಸಿ. ನಾಚಿಕೆಯ ವಿಷಯವೇ ಅಲ್ಲ. ಹತ್ತುವಾಗ ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡದೆ ಇಡೀ ಪಾದ ಮೆಟ್ಟಿಲ ಮೇಲೆ ಊರಿ. ಸೊಂಟದಿಂದ ಕೊಂಚ ಮುಂದೆ ಬಾಗಿ, ಹಿಮ್ಮಡಿಯಿಂದ ಒತ್ತಿ ಏಳಿ. ಆಗ ತೊಡೆಯ ಜೊತೆ ಪೃಷ್ಠದ ಸ್ನಾಯುಗಳೂ ಭಾರ ಹೊರುತ್ತವೆ. ಮೊಣಗಂಟು ಒಳಗೆ ವಾಲದೆ ಪಾದದ ನೇರಕ್ಕಿರಲಿ. ಒಂದೇ ಕಾಲಲ್ಲಿ ನೋವಿದ್ದರೆ ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಹರಡಿದರೆ, ತಲೆ ಸುತ್ತಿದರೆ ಅಲ್ಲೇ ಕೂತು ಸಹಾಯಕ್ಕೆ ಕರೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ನಿನ್ನೆಯವರೆಗೆ ಸಲೀಸಾಗಿದ್ದ ಎರಡು ಮಹಡಿಗೆ ಈಗ ತೇಕು ಬಂದರೆ ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಹೆಂಗಸರಲ್ಲಿ ಇದು ಎಷ್ಟೋ ಸಲ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದೆಯೇ ನೋಡಿಸಿ.

ಬೀಳುವುದು ಬಹುತೇಕ ಇಳಿಯುವಾಗಲೇ. ಬೈಫೋಕಲ್ ಕನ್ನಡಕದ ಕೆಳಭಾಗ ಓದುವುದಕ್ಕೆ ಇರುವುದರಿಂದ ಅದರಲ್ಲಿ ಮೆಟ್ಟಿಲ ಅಂಚು ಮಸುಕಾಗುತ್ತದೆ, ತಲೆಯನ್ನೇ ಬಗ್ಗಿಸಿ ನೋಡಬೇಕು. ಮಳೆಗಾಲದಲ್ಲಿ ಕೊಡೆಯ ನೀರು, ಸವೆದ ಹವಾಯಿ ಚಪ್ಪಲಿ, ಎರಡೂ ಕೈಯಲ್ಲಿ ತರಕಾರಿ ಚೀಲ, ಮೂರೂ ಕೂಡಿದರೆ ಅಪಾಯ ಖಂಡಿತ. ಒಂದು ಕೈ ರೇಲಿಂಗಿಗೇ ಮೀಸಲಿರಲಿ. ಪೀಕ್ ಅವರ್‌ನಲ್ಲಿ ಸ್ಟೇಷನ್ನಿನ ಬ್ರಿಜ್ ಕಸರತ್ತಿನ ಜಾಗವಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಬ್ರಿಜ್ ಮೆಟ್ಟಿಲಲ್ಲಿ ಕಾಲ್ತುಳಿತಕ್ಕೆ 23 ಜನ ಸತ್ತದ್ದನ್ನು ಈ ಊರು ಮರೆಯಬಾರದು.

ಸೊಸೈಟಿ ಕಮಿಟಿಯಲ್ಲಿ ಇರುವವರಿಗೆ ಒಂದು ಕೋರಿಕೆ. ಮೆಟ್ಟಿಲಿಗೆ ಹೊಸ ಗ್ರಾನೈಟ್ ಹಾಕಿಸುವಾಗ ಮೊದಲ ಮತ್ತು ಕೊನೆಯ ಮೆಟ್ಟಿಲ ಎತ್ತರ ಬದಲಾಗಿಬಿಡುತ್ತದೆ. ಒಂದು ಸೆಂಟಿಮೀಟರ್ ವ್ಯತ್ಯಾಸವೂ ಎಡವಿಸುತ್ತದೆ, ಟೇಪು ಹಿಡಿದು ಅಳೆಯಿರಿ. ಪಾಲಿಶ್ ಕಲ್ಲಿನ ಅಂಚಿಗೆ ಜಾರದಂತೆ ಗೀರು ಹಾಕಿಸಿ. ಅಗ್ನಿಸುರಕ್ಷೆಯ ವ್ಯವಸ್ಥೆ ಸರಿಯಿದೆ ಎನ್ನುವ ಪ್ರಮಾಣಪತ್ರ, ಫಾರ್ಮ್ ಬಿ, ಜನವರಿ, ಜುಲೈಗೆ ಹೇಗೂ ಸಲ್ಲಿಸಬೇಕು. ಅದೇ ನೆಪದಲ್ಲಿ ಲ್ಯಾಂಡಿಂಗಿನ ಚಪ್ಪಲಿ ಸ್ಟ್ಯಾಂಡ್, ಮಕ್ಕಳ ಸೈಕಲ್, ಹಳೆಯ ಕಪಾಟು ತೆಗೆಸಿ, ಕೆಟ್ಟ ಟ್ಯೂಬ್‌ಲೈಟ್ ಬದಲಿಸಿ.